ಪದವಿಗೆ ಸುರಿದ ದುಡ್ಡು ಗಿಟ್ಟುತ್ತದೆಯೇ?

ಪ್ರಶ್ನೆ: ಮಗಳನ್ನು ನಾಲ್ಕು ವರ್ಷದ ಪದವಿಗೆ ಸೇರಿಸಬೇಕು. ಹೆಚ್ಚಿನ ಹಣ ಸಾಲದಿಂದಲೇ ಆಗಬೇಕು. ಇಷ್ಟು ಖರ್ಚು ಮಾಡಿದರೆ ಗಿಟ್ಟುತ್ತದೆಯೇ ಎಂದು ಲೆಕ್ಕ ಹಾಕುವುದು ಹೇಗೆ?
– ಒಬ್ಬ ತಂದೆ

ಉತ್ತರ: ಹೆಚ್ಚಿನವರು ಫೀಸು, ಹಾಸ್ಟೆಲ್, ಊಟ ಎಲ್ಲವನ್ನೂ ಕೂಡಿಸಿಬಿಡುತ್ತಾರೆ. ಕಾಲೇಜಿಗೆ ಹೋಗದಿದ್ದರೂ ಮಗಳು ಉಣ್ಣಲೇಬೇಕಲ್ಲ! ಮನೆಯಲ್ಲಿ ಆಗುವುದಕ್ಕಿಂತ ಹೆಚ್ಚಾದಷ್ಟನ್ನು ಮಾತ್ರ ಬರೆದುಕೊಳ್ಳಿ. ಅದರ ಜೊತೆಗೆ ಯಾವ ರಸೀದಿಯಲ್ಲೂ ಕಾಣದ ಬಾಬತ್ತೊಂದಿದೆ: ಆ ನಾಲ್ಕು ವರ್ಷ ಕೆಲಸಕ್ಕೆ ಹೋಗಿದ್ದರೆ ಬರುತ್ತಿದ್ದ ಸಂಬಳ. ಫೀಸು ಕಡಿಮೆ ಇರುವಲ್ಲಿ ಎಲ್ಲಕ್ಕಿಂತ ದೊಡ್ಡ ಖರ್ಚು ಇದೇ.

ಇನ್ನು ಸಾಲ. 1 ಲಕ್ಷವನ್ನು ಪ್ರತಿ ವರ್ಷದ ಆರಂಭದಲ್ಲಿ 25,000ದಂತೆ ನಾಲ್ಕು ಕಂತಿನಲ್ಲಿ ಪಡೆದಿರಿ, ಬಡ್ಡಿ ಶೇ. 10 ಎಂದಿಟ್ಟುಕೊಳ್ಳಿ. ಓದುವಾಗ ಸರಳ ಬಡ್ಡಿಯಾದರೂ ಕೋರ್ಸ್ ಮುಗಿಯುವ ಹೊತ್ತಿಗೆ ಬಾಕಿ 1,25,000. ಅದನ್ನು ಹತ್ತು ವರ್ಷದಲ್ಲಿ ತೀರಿಸಲು ತಿಂಗಳಿಗೆ ಸುಮಾರು 1,652. ಒಟ್ಟು ಕಟ್ಟುವುದು ಸುಮಾರು 1,98,000. ಓದುವಾಗಲೇ ಬಡ್ಡಿಯನ್ನಷ್ಟೇ ಕಟ್ಟುತ್ತಾ ಬಂದರೆ ಒಟ್ಟು 1,83,600ರ ಆಸುಪಾಸಿಗೆ ಇಳಿಯುತ್ತದೆ. ಬಡ್ಡಿಗೆ ಬಡ್ಡಿ ಬೀಳುವ ಸಾಲವಾದರೆ ಅಂತರ ಇನ್ನೂ ಹೆಚ್ಚು.

ಆದರೆ ಲೆಕ್ಕ ಪೂರ್ತಿ ತಲೆಕೆಳಗಾಗುವುದು ಓದನ್ನು ಅರ್ಧಕ್ಕೆ ಬಿಟ್ಟಾಗ. ಮೂರು ವರ್ಷ ಓದಿ ಬಿಟ್ಟವರಿಗೆ ಪದವಿಯ ಮುಕ್ಕಾಲು ಲಾಭ ಸಿಗುವುದಿಲ್ಲ, ಸಾಲ ಮಾತ್ರ ಮುಕ್ಕಾಲು ಉಳಿಯುತ್ತದೆ. ಅಭ್ಯರ್ಥಿಯ ಸಾಮರ್ಥ್ಯ ಉದ್ಯೋಗದಾತರಿಗೆ ನೇರವಾಗಿ ಕಾಣದು, ಹಾಗಾಗಿ ಅವರು ಪದವಿಯನ್ನೇ ಗುರುತಾಗಿ ನೋಡುತ್ತಾರೆ ಎಂದು ಅರ್ಥಶಾಸ್ತ್ರಜ್ಞ ಮೈಕೆಲ್ ಸ್ಪೆನ್ಸ್ 1973ರಲ್ಲೇ ವಾದಿಸಿದ್ದರು. 2001ರ ನೊಬೆಲ್ ಪ್ರಶಸ್ತಿ ಹಂಚಿಕೊಂಡವರಲ್ಲಿ ಅವರೂ ಒಬ್ಬರು. ಹಾಗಾಗಿ ಸೇರಿಸುವ ಮುನ್ನ ಕಾಲೇಜಿಗೆ ಇದನ್ನು ಕೇಳಿ: ಆ ಕೋರ್ಸಿಗೆ ಸೇರಿದವರಲ್ಲಿ ಎಷ್ಟು ಮಂದಿ ನಿಗದಿತ ಅವಧಿಯಲ್ಲಿ ಪಾಸಾಗಿ ಹೊರಬಿದ್ದಿದ್ದಾರೆ?

ಪ್ರಶ್ನೆ: ಹೆಸರುವಾಸಿ ಕಾಲೇಜಿನಲ್ಲಿ ಫೀಸು ದುಪ್ಪಟ್ಟು, 'ಸರಾಸರಿ ಪ್ಯಾಕೇಜ್ 8 ಲಕ್ಷ' ಎನ್ನುತ್ತಾರೆ. ನಂಬಬಹುದೇ?
– ವಿದ್ಯಾರ್ಥಿನಿ

ಉತ್ತರ: ಸುಳ್ಳಲ್ಲದೆಯೂ ದಾರಿ ತಪ್ಪಿಸಬಲ್ಲ ಅಂಕಿ ಅದು. ಹತ್ತು ಮಂದಿಯಲ್ಲಿ ಒಂಬತ್ತು ಜನರಿಗೆ 4 ಲಕ್ಷ, ಒಬ್ಬರಿಗೆ 44 ಲಕ್ಷ ಸಿಕ್ಕರೂ ಸರಾಸರಿ 8 ಲಕ್ಷವೇ! ಸಂಬಳಗಳನ್ನು ಏರಿಕೆ ಕ್ರಮದಲ್ಲಿಟ್ಟಾಗ ನಟ್ಟನಡುವೆ ಬರುವುದೆಷ್ಟು ಎಂದು ಕೇಳಿ. ಕೆಲಸ ಸಿಗದವರನ್ನು ಬಿಟ್ಟು ಲೆಕ್ಕ ಹಾಕಿದ್ದಾರೆಯೇ ಎಂಬುದನ್ನೂ ನೋಡಿ. 'ಶೇ. 95 ಪ್ಲೇಸ್‌ಮೆಂಟ್' ಎಂದರೆ ಇಡೀ ತರಗತಿಯಲ್ಲೋ, ಪ್ಲೇಸ್‌ಮೆಂಟಿಗೆ ಹೆಸರು ಕೊಟ್ಟವರಲ್ಲೋ? ನಿಮ್ಮದೇ ವಿಭಾಗದ ಅಂಕಿ ಬೇಕು, ಇಡೀ ಕಾಲೇಜಿನದಲ್ಲ.

ಹೆಸರಿನ ವಿಚಾರಕ್ಕೆ ಬಂದರೆ, ಸ್ಟೇಸಿ ಡೇಲ್ ಮತ್ತು ಅಲನ್ ಕ್ರೂಗರ್ 2002ರಲ್ಲಿ ಪ್ರಕಟಿಸಿದ ಅಮೆರಿಕದ ಅಧ್ಯಯನವೊಂದಿದೆ. ಒಂದೇ ಮಟ್ಟದ ಕಾಲೇಜುಗಳಿಗೆ ಅರ್ಜಿ ಹಾಕಿ, ಸೀಟೂ ಪಡೆದ ವಿದ್ಯಾರ್ಥಿಗಳನ್ನು ಹೋಲಿಸಿದಾಗ, ಹೆಚ್ಚು ಪೈಪೋಟಿಯ ಕಾಲೇಜಿಗೆ ಸೇರಿದವರ ಗಳಿಕೆ ಸೇರದವರಿಗಿಂತ ಅಷ್ಟೇನೂ ಹೆಚ್ಚಿರಲಿಲ್ಲ. ಕಡಿಮೆ ಆದಾಯದ ಮನೆಯ ಮಕ್ಕಳಿಗೆ ಮಾತ್ರ ಲಾಭ ಕಂಡಿತು. ನಿಮ್ಮ ಮನೆಯಲ್ಲಿ ಈಗಾಗಲೇ ಓದಿ ಕೆಲಸದಲ್ಲಿರುವವರಿದ್ದು, ದಾರಿ ತೋರಿಸುವವರಿದ್ದರೆ, ಬರೀ ಹೆಸರಿಗಾಗಿ ದುಪ್ಪಟ್ಟು ಸಾಲ ಮಾಡಬೇಡಿ ಎನ್ನುತ್ತೇವೆ.

ಪ್ರಶ್ನೆ: ಓದಿನಲ್ಲಿ ಆಸಕ್ತಿಯಿಲ್ಲ. ಮನೆಯವರ ಒತ್ತಾಯಕ್ಕೆ ಸೇರಲೇ?
– ಹೆಸರು ಬೇಡ

ಉತ್ತರ: ವೈದ್ಯಕೀಯ, ವಕಾಲತ್ತಿನಂಥ ಕೆಲಸಕ್ಕೆ ಪದವಿಯಿಲ್ಲದೆ ಬಾಗಿಲೇ ತೆರೆಯದು. ವೈರಿಂಗ್, ವೆಲ್ಡಿಂಗ್, ಯಂತ್ರ ರಿಪೇರಿಯಂಥವಕ್ಕೆ ಒಂದೆರಡು ವರ್ಷದ ತರಬೇತಿಯ ಜೊತೆಗೆ ಕೈಪಳಗಿದರೆ ಸಾಕು, ಸಾಲವೂ ಚಿಕ್ಕದು. ಸೇರುವುದೇ ಆದರೆ ಮೊದಲ ವರ್ಷದ ಫಲಿತಾಂಶ ನೋಡಿಕೊಂಡು, ಎರಡನೇ ಕಂತಿನ ಸಾಲ ಪಡೆಯುವ ಮೊದಲೇ ಮುಂದುವರಿಯಬೇಕೋ ಬಿಡಬೇಕೋ ತೀರ್ಮಾನಿಸಿ. ಬಿಡುವುದಾದರೆ ಟಿ.ಸಿ., ಅಂಕಪಟ್ಟಿಗಳನ್ನು ಆಗಲೇ ಪಡೆದುಕೊಳ್ಳಿ. ಬಾಕಿ ಫೀಸಿನ ನೆಪದಲ್ಲಿ ದಾಖಲೆ ಕೊಡಲು ಸತಾಯಿಸುವ ಕಾಲೇಜುಗಳಿವೆ.