ಬಂಪರ್ ಬಿರುಕಿಗೆ ಹಾಕಿದ ಪುಟ್ಟಿ ಮತ್ತೆ ಬಿಡುತ್ತಿದೆಯೇ?

ಬಂಪರಿನ ಬಿರುಕಿಗೆ ಪುಟ್ಟಿ ಹಾಕಿದರೂ ಮತ್ತೆ ಬಾಯಿ ಬಿಡುತ್ತಿದೆ ಅಂದಿರಲ್ಲ, ಬಹುಶಃ ಆ ಪುಟ್ಟಿಯೇ ಕಾರಣ. ತಗಡಿಗೆ ಹಾಕುವ ಪುಟ್ಟಿ ಗಟ್ಟಿ, ಬಂಪರ್ ಬಳುಕುವ ಪ್ಲಾಸ್ಟಿಕ್.

ಹಳೆಯದನ್ನು ಪೂರ್ತಿ ಕೆರೆದು ತೆಗೆಯಿರಿ. ಬಂಪರ್ ಬಿಚ್ಚಿ ಒಳಬದಿ ನೋಡಿ. 'ಪಿಪಿ' (PP, ಅಂದರೆ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್) ಎಂಬ ಅಚ್ಚಿದ್ದರೆ ಸೂಪರ್ ಗ್ಲೂ ಹಿಡಿಯುವುದಿಲ್ಲ, ಸುಮ್ನೆ ದುಡ್ಡು ದಂಡ. ಬಿರುಕಿನ ತುದಿಯಲ್ಲಿ 3 ಮಿ.ಮೀ. ತೂತು ಕೊರೆಯಿರಿ, ಮುಂದಕ್ಕೆ ಸೀಳುವುದು ನಿಲ್ಲುತ್ತದೆ. ಆಮೇಲೆ ಹಿಂಬದಿಗೆ ಸ್ಟೀಲ್ ಜಾಲರಿಯ ತುಂಡು ಇಟ್ಟು, ಸೋಲ್ಡರಿಂಗ್ ಐರನ್ನಿನಿಂದ ಪ್ಲಾಸ್ಟಿಕ್ಕಿನೊಳಗೆ ಅದುಮಿ. ಹೊಗೆ ಒಳ್ಳೆಯದಲ್ಲ, ಜಗಲಿಯಲ್ಲೇ ಮಾಡಿ. ಗಟ್ಟಿತನ ಬರುವುದು ಇದರಿಂದಲೇ, ಹೊರಗಿನದ್ದೆಲ್ಲ ಚಂದಕ್ಕೆ. ಬಿರುಕು ಕ್ಲಿಪ್ ಕೂರುವ ಜಾಗದವರೆಗೂ ಹೋಗಿದ್ದರೆ ಇದು ಎಷ್ಟು ದಿನ ತಾಳುತ್ತದೋ ಹೇಳಲಾರೆ.

ಹೊರಬದಿಯನ್ನು 180ರ ಸ್ಯಾಂಡ್ ಪೇಪರಿನಲ್ಲಿ ಉಜ್ಜಿ, ಪ್ಲಾಸ್ಟಿಕ್ ಪ್ರೈಮರ್ ಹೊಡೆದು, ಬಂಪರಿಗೆಂದೇ ಸಿಗುವ ಬಳುಕುವ ಫಿಲ್ಲರ್ ತುಂಬಿ. ಒಣಗಿದ ಮೇಲೆ 320, ನಂತರ 600. ಕೊನೆಗೆ ಪ್ರೈಮರ್, ಬಣ್ಣ, ಅದರ ಮೇಲೆ ಹೊಳಪಿನ ಪಾರದರ್ಶಕ ಪದರ, ಅಂದರೆ ಕ್ಲಿಯರ್ ಕೋಟ್.

ಬಣ್ಣಕ್ಕೆ ಮಾತ್ರ ಅವಸರ ಬೇಡ. ನಮ್ಮ ಕಾಸರಗೋಡಿನ ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಹೊಡೆದರೆ ಕ್ಲಿಯರ್ ಕೋಟ್ ತೇವ ಹಿಡಿದು ಬೆಳ್ಳಗಾಗುತ್ತದೆ. ಈಗ ಜಾಲರಿಯ ಕೆಲಸ ಮುಗಿಸಿ ಓಡಿಸುತ್ತಿರಿ, ಹೊರಗಿನದ್ದು ಮಳೆ ಹೋದ ಮೇಲೆ ಸಾಕು.