ಕುದಿಸಿದ ಬೆಳ್ಳುಳ್ಳಿಗೆ ವಲಯ ಏಕೆ ಬರಲಿಲ್ಲ?

ಪ್ರಶ್ನೆ: ನಾನು ವಿರಾಜಪೇಟೆಯವಳು, ಬಿ.ಎಸ್‌ಸಿ. ಅಂತಿಮ ವರ್ಷದ ವಿದ್ಯಾರ್ಥಿನಿ. ಸಾವಯವ ಗಂಧಕ ಸಂಯುಕ್ತಗಳು ಬ್ಯಾಕ್ಟೀರಿಯಾಗಳ ಬೆಳವಣಿಗೆಯನ್ನು ತಡೆಯುತ್ತವೆಯೇ ಎಂದು ಪರೀಕ್ಷಿಸುವುದು ನನ್ನ ಪ್ರಾಜೆಕ್ಟ್. ಜಜ್ಜಿದ ಹಸಿ ಬೆಳ್ಳುಳ್ಳಿಯ ರಸಕ್ಕೆ ಅಗರ್ ತಟ್ಟೆಯಲ್ಲಿ (ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿಯ ತಟ್ಟೆ) ದೊಡ್ಡ ವಲಯ, ಅಂದರೆ ಬ್ಯಾಕ್ಟೀರಿಯಾ ಬೆಳೆಯದ ಬಯಲು, ಬಂತು. ಇಡೀ ಎಸಳುಗಳನ್ನು ಕುದಿಸಿದ ಕಷಾಯಕ್ಕೆ ಏನೂ ಬರಲಿಲ್ಲ. ಬೆಳ್ಳುಳ್ಳಿಯ ಗಂಧಕ ಸಂಯುಕ್ತಗಳಲ್ಲೊಂದಾದ ಶುದ್ಧ ಡಯಾಲಿಲ್ ಡೈಸಲ್ಫೈಡ್‌ಗೂ ವಲಯ ಅತ್ಯಲ್ಪ. ತಪ್ಪಿದ್ದೆಲ್ಲಿ? ಇನ್ನೊಂದು ಮಾತು: ತೋಟದಲ್ಲಿ ಇಂಬಳ (ಜಿಗಣೆ) ಕಚ್ಚಿದರೆ ನಮ್ಮ ಅಜ್ಜಿ ಬೆಳ್ಳುಳ್ಳಿ ಜಜ್ಜಿ ಕಟ್ಟುತ್ತಾರೆ. ಅದು ಸರಿಯೇ?

ಉತ್ತರ: ಕಷಾಯದ ಫಲಿತಾಂಶ ತಪ್ಪಲ್ಲ, ಅದನ್ನು ವರದಿಯಿಂದ ಕೈಬಿಡಬೇಡಿ. ನಿಮ್ಮ ಪ್ರಾಜೆಕ್ಟಿನ ಅತ್ಯುತ್ತಮ ಭಾಗವೇ ಅದು.

ಸುಲಿದ ಇಡೀ ಎಸಳನ್ನು ಮೂಗಿನ ಹತ್ತಿರ ಹಿಡಿದು ನೋಡಿ, ಘಾಟು ಇಲ್ಲವೆನ್ನುವಷ್ಟು ಕಡಿಮೆ. ಗುಂಡುಕಲ್ಲಿನಿಂದ ಒಂದು ಏಟು ಹಾಕಿ, ಅಡುಗೆಮನೆಯೆಲ್ಲ ತುಂಬುತ್ತದೆ. ಎಸಳಿನಲ್ಲಿ ಅಲಿಯಿನ್ ಎಂಬ ಗಂಧಕದ ಸಂಯುಕ್ತ ಒಂದು ಕಡೆ, ಅಲಿನೇಸ್ ಎಂಬ ಕಿಣ್ವ ಇನ್ನೊಂದು ಕಡೆ ಇರುತ್ತವೆ. ಜಜ್ಜಿದಾಗ ಎರಡೂ ಸೇರಿ, ಸೆಕೆಂಡುಗಳಲ್ಲೇ ಅಲಿಸಿನ್ ಹುಟ್ಟುತ್ತದೆ. ಅಮೆರಿಕದ ಕ್ಯಾವಲಿಟೊ ಮತ್ತು ಬೈಲಿ 1944ರಲ್ಲಿ ಬೇರ್ಪಡಿಸಿ, ಬ್ಯಾಕ್ಟೀರಿಯಾಗಳ ಮೇಲೆ ಪರೀಕ್ಷಿಸಿದ್ದು ಇದನ್ನೇ. ನೀವು ಇಡಿಯಾಗಿ ಕುದಿಸಿದಿರಿ, ಕಿಣ್ವ ಮೊದಲೇ ಸತ್ತಿತು. ಕಷಾಯದಲ್ಲಿ ಉಳಿದಿರುವುದು ಸಪ್ಪೆ ಅಲಿಯಿನ್.

ಇದನ್ನು ಖಚಿತಪಡಿಸಿಕೊಳ್ಳಬಹುದು. ಆರಿದ ಕಷಾಯಕ್ಕೆ ಒಂದೆರಡು ತೊಟ್ಟು ಹಸಿ ರಸ ಬೆರೆಸಿ ಹತ್ತು ನಿಮಿಷ ಬಿಡಿ. ಅಷ್ಟೇ ರಸವನ್ನು ಬರಿಯ ನೀರಿಗೂ ಬೆರೆಸಿಡಿ. ಕಷಾಯದ ವಲಯ ನೀರಿನದಕ್ಕಿಂತ ದೊಡ್ಡದಾದರೆ ಕಿಣ್ವ ಮತ್ತೆ ಕೆಲಸ ಮಾಡಿತೆಂದು ಅರ್ಥ. ಇನ್ನೊಂದು ತಟ್ಟೆಗೆ ಹಾಕುವ ರಸಕ್ಕೆ ಮೊದಲೇ ಸಿಸ್ಟೀನ್ ಎಂಬ ಅಮೈನೋ ಆಮ್ಲ ಸೇರಿಸಿ. ಅಲಿಸಿನ್ ಬ್ಯಾಕ್ಟೀರಿಯಾಗಳ ಪ್ರೋಟೀನಿನಲ್ಲಿರುವ ಗಂಧಕ-ಜಲಜನಕದ ಗುಂಪುಗಳನ್ನು ಹಿಡಿದು ಅವುಗಳ ಕಿಣ್ವಗಳನ್ನು ಕೆಡಿಸುತ್ತದೆ. ಸಿಸ್ಟೀನಿನಲ್ಲೂ ಅದೇ ಗುಂಪಿದೆ, ಆದ್ದರಿಂದ ಅಲಿಸಿನ್ ಅಲ್ಲೇ ಖರ್ಚಾಗಿ ವಲಯ ಕುಗ್ಗುತ್ತದೆ.

ಡಯಾಲಿಲ್ ಡೈಸಲ್ಫೈಡ್ ವಿಷಯ ಬೇರೆ. ಅದು ಅಲಿಸಿನ್‌ಗಿಂತ ದುರ್ಬಲ ನಿಜ, ಆದರೆ ಅದು ಎಣ್ಣೆಯೂ ಹೌದು. ಅಗರ್ ಎಂದರೆ ಬಹುಪಾಲು ನೀರು, ಎಣ್ಣೆ ಅದರಲ್ಲಿ ಹರಡುವುದಿಲ್ಲ. ಮಾದರಿಯಲ್ಲಿ ಅದ್ದಿದ ಕಾಗದದ ಬಿಲ್ಲೆಯನ್ನು ಅಗರ್ ಮೇಲಿಡುವ ಡಿಸ್ಕ್ ಪರೀಕ್ಷೆ ಸಂಯುಕ್ತದ ಕಸುವನ್ನೂ ಹರಡುವ ಗುಣವನ್ನೂ ಒಟ್ಟಿಗೇ ಅಳೆಯುತ್ತದೆ. ಹಾಗಾಗಿ ಚಿಕ್ಕ ವಲಯ ಕಂಡು ಅದಕ್ಕೆ ಶಕ್ತಿಯಿಲ್ಲವೆಂದು ಬರೆಯಬೇಡಿ. ದ್ರವ ಮಾಧ್ಯಮದಲ್ಲಿ ಅರ್ಧರ್ಧ ತೆಳುವಾಗಿಸುತ್ತ ಹೋಗಿ, ಬೆಳವಣಿಗೆ ಕಾಣದ ಅತಿ ಕಡಿಮೆ ಸಾಂದ್ರತೆಯನ್ನು ಗುರುತಿಸಿ. ಎಣ್ಣೆಯಿಂದಲೂ ಕೊಳವೆ ಕದಡಿದಂತೆ ಕಾಣಬಹುದು, ಪ್ರತಿ ಕೊಳವೆಯಿಂದ ಒಂದು ಗೆರೆ ಬರಿಯ ಅಗರ್ ಮೇಲೆ ಎಳೆದು ನೋಡಿ. ಎಣ್ಣೆಯನ್ನು ಕರಗಿಸಲು ದ್ರಾವಕ ಡಿಎಂಎಸ್‌ಒ ಬಳಸಿದರೆ ಅದನ್ನು ಮಾತ್ರ ಹಾಕಿದ ಕೊಳವೆಯೊಂದು ಇರಲೇಬೇಕು. ಡಿಎಂಎಸ್‌ಒ ಕೂಡ ಸಾವಯವ ಗಂಧಕ ಸಂಯುಕ್ತವೇ, ಹೆಚ್ಚಾದರೆ ತಾನೇ ಬೆಳವಣಿಗೆಯನ್ನು ತಡೆಯುತ್ತದೆ. ಆ ಕೊಳವೆಯಿಲ್ಲದ ವಿದ್ಯಾರ್ಥಿಗಳ ವರದಿಗಳನ್ನು ನಾನು ಮರುಮಾತಿಲ್ಲದೆ ಹಿಂದಿರುಗಿಸುತ್ತಿದ್ದೆ.

ನಮ್ಮ ಜಿಲ್ಲೆಯ ಮಳೆಗಾಲಕ್ಕಾಗಿ ಒಂದು ಎಚ್ಚರಿಕೆ. ಕರೆಂಟ್ ಹೋಗಿ ಇನ್‌ಕ್ಯುಬೇಟರ್ ತಣ್ಣಗಾದರೆ ಬ್ಯಾಕ್ಟೀರಿಯಾ ನಿಧಾನವಾಗಿ ಬೆಳೆಯುತ್ತವೆ, ವಲಯ ಸುಳ್ಳೇ ದೊಡ್ಡದಾಗುತ್ತದೆ. ಪ್ರತಿ ಸಲವೂ ಪರಿಚಿತ ಆ್ಯಂಟಿಬಯಾಟಿಕ್ ಡಿಸ್ಕ್ ಮಾತ್ರ ಇರುವ ತಟ್ಟೆಯೊಂದನ್ನು ಜೊತೆಗಿಟ್ಟರೆ ಮೋಸ ಹೋಗುವುದಿಲ್ಲ. ಅಗರ್ ದಪ್ಪ 4 ಮಿ.ಮೀ., ಬ್ಯಾಕ್ಟೀರಿಯಾ ದ್ರಾವಣದ ಕದಡು (ಕದಡನ್ನಳೆಯುವ ಮಾನದಂಡದಲ್ಲಿ) 0.5 ಮ್ಯಾಕ್‌ಫರ್ಲೆಂಡ್, ವಲಯ ಅಳೆಯುವುದು 16ರಿಂದ 18 ಗಂಟೆ ಕಳೆದ ಮೇಲೆ. ಇವುಗಳಲ್ಲಿ ರಾಜಿ ಬೇಡ. ಬೆಳ್ಳುಳ್ಳಿಯ ಆವಿ ಒಂದು ಡಿಸ್ಕಿನಿಂದ ಪಕ್ಕದ ಡಿಸ್ಕಿನ ವಲಯಕ್ಕೂ ಹಬ್ಬುತ್ತದೆ, ಮಾದರಿಗೊಂದು ತಟ್ಟೆ ಇರಲಿ.

ವರದಿಯ ಮೊದಲ ಪುಟದಲ್ಲೇ ‘ಸಾವಯವ’ ಎಂದರೆ ಇಲ್ಲಿ ಇಂಗಾಲವಿರುವ ಸಂಯುಕ್ತ ಎಂದು ಬರೆದುಬಿಡಿ. ಸಾವಯವ ಕಾಫಿ, ಸಾವಯವ ಕರಿಮೆಣಸು ಎಂದು ದಿನವೂ ಕೇಳುವ ನಮ್ಮವರು ಗೊಬ್ಬರದ ಮಾತೆಂದು ತಿಳಿಯುತ್ತಾರೆ.

ಇನ್ನು ಅಜ್ಜಿಯ ಮಾತು. ಬ್ಯಾಕ್ಟೀರಿಯಾಗಳ ಪ್ರೋಟೀನನ್ನು ಹಿಡಿಯುವ ಅಲಿಸಿನ್ ನಮ್ಮ ಚರ್ಮದ ಪ್ರೋಟೀನನ್ನೂ ಬಿಡುವುದಿಲ್ಲ. ಹಸಿ ಬೆಳ್ಳುಳ್ಳಿಯನ್ನು ಗಂಟೆಗಟ್ಟಲೆ ಕಟ್ಟಿದರೆ ಬೆಂಕಿ ತಗುಲಿದಂತೆ ಬೊಬ್ಬೆ ಏಳಬಹುದು, ಮಕ್ಕಳಿಗಂತೂ ಖಂಡಿತ ಬೇಡ. ಇಂಬಳದ ಜೊಲ್ಲು ರಕ್ತ ಹೆಪ್ಪುಗಟ್ಟದಂತೆ ತಡೆಯುವುದರಿಂದ ಗಾಯ ಸ್ವಲ್ಪ ಹೊತ್ತು ಒಸರುತ್ತಲೇ ಇರುತ್ತದೆ. ಸೋಪು ನೀರಿನಲ್ಲಿ ತೊಳೆದು, ಶುಭ್ರ ಬಟ್ಟೆಯಿಂದ ಒತ್ತಿ ಹಿಡಿಯಲು ಅಜ್ಜಿಗೆ ಹೇಳಿ. ಕೆಂಪಾಗಿ ಊದಿಕೊಂಡರೆ ಅಥವಾ ಕೀವಾದರೆ ವೈದ್ಯರಿಗೆ ತೋರಿಸಿ.