ಅನ್ನ ಸೀದಿದ್ದೋ, ಸುಟ್ಟಿದ್ದೋ?

ಪ್ರಶ್ನೆ: ನಾನು ‘ಅನ್ನ ಸೀದು ಹೋಯ್ತು’ ಅಂದ್ರೆ ಮಗಳು ನಗ್ತಾಳೆ, ‘ಸುಟ್ಟು ಹೋಯ್ತು’ ಅನ್ನಮ್ಮ ಅಂತಾಳೆ. ಎರಡೂ ಒಂದೇನಾ? ಮತ್ತೆ ‘ಸೀ’ ಅಂದ್ರೆ ಸಿಹಿ ಅಲ್ವಾ, ಇಲ್ಲಿಗೆ ಹೇಗೆ ಬಂತು?

ಉತ್ತರ: ಒಂದೇ ಅಲ್ಲಮ್ಮ, ನೀವು ಹೇಳಿದ್ದೇ ಸರಿ. ಸುಡೋದು ಅಂದ್ರೆ ಬೆಂಕಿ ಪೂರ್ತಿ ತಿನ್ನೋದು, ಕಾಗದ ಸುಡುತ್ತೆ, ಕಟ್ಟಿಗೆ ಸುಡುತ್ತೆ. ಸೀಯೋದು ಹಾಗಲ್ಲ, ಪಾತ್ರೆ ತಳದಲ್ಲಿ ನೀರು ಇಂಗಿ ಹೋಗಿ ಅಡಿಯ ಅಗುಳು ಕಂದು ಬಣ್ಣಕ್ಕೆ ತಿರುಗಿ ಮೇಲಿನದ್ದು ಇನ್ನೂ ಬೆಳ್ಳಗೇ ಇರುತ್ತಲ್ಲ, ಆದ್ರೆ ವಾಸನೆ ಮಾತ್ರ ಪೂರ್ತಿ ಅನ್ನಕ್ಕೆ ಹತ್ತಿರುತ್ತೆ, ಅದು ಸೀದಿದ್ದು. ಅದಕ್ಕಿಂತ ಮೊದಲಿನದ್ದು ತಳ ಹಿಡಿಯೋದು, ದಾಟಿದ ಮೇಲಿನದ್ದು ಕರಕಲು. ನಮ್ಮ ಭಾಷೆಯಲ್ಲಿ ಇಷ್ಟು ಮೆಟ್ಟಿಲು ಇರುವಾಗ ಎಲ್ಲಕ್ಕೂ ‘ಸುಟ್ಟು’ ಅನ್ನೋದು ಸೋಮಾರಿತನ ಅಂತ ನನ್ನ ಅಭಿಪ್ರಾಯ, ಮಗಳು ಬೇಜಾರು ಮಾಡ್ಕೋಬಾರದು!

ಕೂದಲಿಗೆ ದೀಪ ತಾಗಿದ್ರೂ ಸೀದ ವಾಸನೇನೇ. ತಾನಾಗಿ ಆದ್ರೆ ‘ಸೀದು ಹೋಯ್ತು’, ಫೋನಲ್ಲಿ ಮಾತಾಡ್ತಾ ಒಲೆ ಮರೆತಿದ್ರೆ ‘ಸೀಯಿಸಿಬಿಟ್ಟೆ’, ಆದ್ರೆ ಹಾಗೆ ಒಪ್ಪಿಕೊಳ್ಳೋರು ಕಡಿಮೆ, ಎಲ್ಲರ ಮನೇಲೂ ಅನ್ನ ತಾನಾಗೇ ಸೀಯುತ್ತೆ. ಉತ್ತರ ಕರ್ನಾಟಕದವರು ಇದನ್ನೇ ‘ಅನ್ನ ಹೊತ್ತೇತಿ’ ಅಂತಾರೆ, ಮಂಗಳೂರು ಕಡೆ ‘ಕರಂಚಿದೆ’ ಅನ್ನೋದೂ ಉಂಟು.

ಇನ್ನು ಸಿಹಿ. ಸೀಯಾಳದಲ್ಲಿರೋ ‘ಸೀ’ ಬೇರೆ, ಅದು ಸಿಹಿ. ಇದು ಬೆಂಕಿಯ ‘ಸೀ’, ತಮಿಳಲ್ಲಿ ಬೆಂಕಿಗೆ ‘ತೀ’ ಅಂತಾರೆ, ಅಡುಗೆ ಸೀದ್ರೆ ಅವರ ಆಡುಮಾತಲ್ಲಿ ‘ತೀಂಜು ಪೋಚ್ಚು’, ನಮ್ಮದರ ನೆಂಟನೇ. ಕಿವಿಗೆ ಒಂದೇ ಥರ ಕೇಳ್ಸಿದ್ರೂ ಒಂದು ನಾಲಿಗೆಗೆ ಖುಷಿ, ಇನ್ನೊಂದು ಪಾತ್ರೆ ಉಜ್ಜೋರಿಗೆ ಕಷ್ಟ.

ಟೈಪ್ ಮಾಡುವಾಗ ಮಾತ್ರ ಹುಷಾರು, ‘ಸೀದು’ ಬದಲು ‘ಸೀದಾ’ ಆದ್ರೆ ಹಿಂದಿಯಿಂದ ಬಂದ ‘ನೇರ’ ಆಗುತ್ತೆ. ನನಗೊಬ್ರು ‘ಹಾಲು ಸೀದಾ ಹೋಯ್ತು’ ಅಂತ ಮೆಸೇಜ್ ಹಾಕಿದ್ರು, ಎಲ್ಲಿಗೆ ಅಂತ ಕೇಳ್ದೆ.

ಪ್ರಶ್ನೆ: ಹಾಗಾದ್ರೆ ಕಮಟು ವಾಸನೆನೂ ಇದೇನಾ?

ಉತ್ತರ: ಅಲ್ಲ. ಕಮಟಾಗೋಕೆ ಬೆಂಕಿನೇ ಬೇಡ, ಎಣ್ಣೆನೋ ಕೊಬ್ಬರಿನೋ ಹಳತಾದ್ರೆ ಸಾಕು. ‘ಕಮರು’ ಇನ್ನೊಂದು, ಅದು ಬಿಸಿಗೆ ಬಾಡಿ ಕಪ್ಪಾಗೋದು, ಚಿಗುರು ಕಮರುತ್ತೆ, ಆಸೆನೂ ಕಮರುತ್ತೆ. ಆಸೆ ಸೀದು ಹೋಯ್ತು ಅಂತ ಯಾರೂ ಅನ್ನಲ್ಲ ನೋಡಿ.